ಹೆಚ್ಚಿನ ಎಳೆ

ಹರಿದ ಬಟ್ಟೆಗೆ ಎಳೆ ತುಂಬುವ ರಫೂ ಕೆಲಸದವರಿಗೆ ಒಂದು ಕೆಟ್ಟ ಚಾಳಿ. ಎದುರಿಗೆ ನಿಂತವರ ಮುಖ ನೋಡುವುದಕ್ಕೆ ಮೊದಲು ಮೈಮೇಲಿನ ಬಟ್ಟೆ ನೋಡುತ್ತಾರೆ. ಎಲ್ಲಿ ಸವೆದಿದೆ, ಎಲ್ಲಿ ಹರಿದಿದೆ, ಹರಿದದ್ದನ್ನು ಯಾವ ಪುಣ್ಯಾತ್ಮ ಎಷ್ಟು ಕೆಟ್ಟದಾಗಿ ಹೊಲಿದಿದ್ದಾನೆ, ಇದೇ ಧ್ಯಾನ. ರಫೂ ಅಂಗಡಿಯಲ್ಲಿ ಕೆಲಸಕ್ಕಿದ್ದ ಅವಳಿಗೂ ಅದೇ ಚಾಳಿ. ಮಂಗಳವಾರ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಗಂಟಲು ಸರಿಮಾಡಿಕೊಂಡು ಮಾತು ಶುರುಮಾಡಿದಾಗ ಅವಳ ಕಣ್ಣು ಆಕೆಯ ಬಿಳಿ ಕೋಟಿನ ಜೇಬಿನ ಮೇಲಿತ್ತು. ಪೆನ್ನು ಸಿಕ್ಕಿಸಿ ಸಿಕ್ಕಿಸಿ ಜೇಬಿನ ಅಂಚು ಜಾಳಾಗಿತ್ತು. ಇದು ಇನ್ನೆಷ್ಟು ದಿನ ಬಾಳೀತು ಎಂದು ಅವಳು ಯೋಚಿಸುತ್ತಿರುವಾಗಲೇ ಡಾಕ್ಟರಮ್ಮ ಎರಡು ಮಾತು ಹೇಳಿ ಮುಗಿಸಿದ್ದರು.

ಹೊಟ್ಟೆಯಲ್ಲಿರುವ ಮಗುವಿನ ಹೃದಯದಲ್ಲಿ ತೂತಿದೆ. ಅದಲ್ಲದೆ, ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆದಿದ್ದರಲ್ಲ, ಆ ಪರೀಕ್ಷೆಯಲ್ಲಿ ಡೌನ್ ಸಿಂಡ್ರೋಮ್ ಇರುವುದು ಖಚಿತವಾಗಿದೆ.

"ತೂತು ದೊಡ್ಡದೇ. ಆದ್ರೆ ಹುಟ್ಟಿದ ಮೇಲೆ ಆಪರೇಷನ್ ಮಾಡಿ ಮುಚ್ಚಬಹುದು," ಎಂದರು ಡಾಕ್ಟರಮ್ಮ. "ಇನ್ನೊಂದಕ್ಕೆ ಔಷಧಿ ಇಲ್ಲ, ಆಪರೇಷನ್ನೂ ಇಲ್ಲ. ಮೈಯ ಒಂದೊಂದು ಜೀವಕೋಶದಲ್ಲೂ ಒಂದು ಕ್ರೋಮೋಸೋಮ್ ಜಾಸ್ತಿ ಇದೆ. ನಡಿಗೆ, ಮಾತು, ಕಲಿಯೋದು ಎಲ್ಲ ನಿಧಾನ. ಎಷ್ಟು ನಿಧಾನ ಅಂತ ಈಗಲೇ ಹೇಳೋಕಾಗಲ್ಲ. ಮುಂದುವರಿಸೋದು, ಬಿಡೋದು ನಿಮಗೆ ಬಿಟ್ಟಿದ್ದು. ಆದ್ರೆ ಸೋಮವಾರದೊಳಗೆ ಬಂದು ಹೇಳಿ. ಆಮೇಲೆ ಗರ್ಭ ತೆಗೆಸೋಕೆ ಕಾನೂನು ಕೊಟ್ಟಿರೋ ಗಡುವು ಮುಗಿದುಹೋಗುತ್ತೆ."

ಅವಳ ಗಂಡ ಬಸ್ ಡ್ರೈವರು. ಸಂತೆಯಂಥ ಟ್ರಾಫಿಕ್ಕಿನಲ್ಲಿ ಆನೆಯಂಥ ಬಸ್ಸನ್ನು ಒಂದು ಗೀರು ಬೀಳದ ಹಾಗೆ ನುಗ್ಗಿಸುವ ಗಟ್ಟಿಗ. ಆವತ್ತು ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಕಾಲು ಎಡವಿ ಕಂಬಿ ಹಿಡಿದುಕೊಂಡ.

ಮನೆಯಲ್ಲಿ ಅತ್ತೆ ಕಾಯುತ್ತಿದ್ದರು. ಅವರೇನು ಸಾಮಾನ್ಯದವರೇ? ಪ್ರಾರ್ಥನಾ ಮಂದಿರದಲ್ಲಿ ಮುಂದಿನ ಸಾಲು ಅವರದ್ದು. ತರಕಾರಿಯವನ ಹತ್ತಿರ ಹೇಗೋ ದೇವರ ಹತ್ತಿರವೂ ಹಾಗೇ, ಹೇಳಿದ ಬೆಲೆಗೆ ಒಪ್ಪಿದ ಚರಿತ್ರೆಯೇ ಇಲ್ಲ. ಮದುವೆಯಾಗಿ ವರ್ಷವೆರಡು ವರ್ಷ ಸೊಸೆಯ ಮಡಿಲು ತುಂಬದಿದ್ದಾಗ ಅವರು ಕೇಳಿದ್ದು ಅವಳಿ ಗಂಡು. ಆಮೇಲೆ ಒಂದು ಗಂಡಾದರೂ ಸರಿ ಎಂದರು. ಆಮೇಲೆ ಗಂಡೋ ಹೆಣ್ಣೋ ಒಂದು. ಹನ್ನೊಂದನೆಯ ವರ್ಷಕ್ಕೆ ಬರುವಷ್ಟರಲ್ಲಿ, 'ಏನಾದ್ರೂ ಕೊಡಪ್ಪ' ಎನ್ನುವಲ್ಲಿಗೆ ಇಳಿದಿದ್ದರು. ಸೊಸೆ ಬಸುರಿ ಎಂದು ತಿಳಿದ ವಾರವೇ ಮಂದಿರದಲ್ಲಿ ಎದ್ದು ನಿಂತು, ದೇವರು ನನ್ನ ಮಾತು ನಡೆಸಿಕೊಟ್ಟ ಎಂದು ಸಾರಿದ್ದರು. ಊರಿಗೆಲ್ಲ ಗೊತ್ತಾಗಿತ್ತು. ಆವತ್ತು ಮಗ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಅವರಿಗೆ ಹೇಳಿದ.

ಅವಳೂ ಆ ಹನ್ನೊಂದು ವರ್ಷ ಬೇಡಿಕೊಂಡಿದ್ದಳು, ಆದರೆ ಸದ್ದಿಲ್ಲದೆ. ಬೆಳಿಗ್ಗೆ ಮೊದಲ ಸೂಜಿಗೆ ದಾರ ಪೋಣಿಸುವಾಗ ಒಂದು ಮಾತು ಹೇಳಿಕೊಳ್ಳುವುದು, ಅಷ್ಟೇ ಅವಳ ಭಕ್ತಿ. ಬುಧವಾರ ಬೆಳಿಗ್ಗೆ ಅಂಗಡಿಯಲ್ಲಿ ಕೂತು ಸೂಜಿ ಎತ್ತಿಕೊಂಡಾಗ ಆ ಮಾತು ಬಾಯಿಗೆ ಬರಲಿಲ್ಲ. ಬಂದದ್ದು ಬೇರೆ. 'ಕೇಳಿದ್ದು ಕೊಟ್ಟೆಯಲ್ಲ, ಹೀಗಾ ಕೊಡೋದು? ನಿನಗೆ ಕರುಳಿಲ್ವಾ?' ಎಂದು ಸಿಟ್ಟಿನಿಂದ ಕೇಳಿ ಕೋಟನ್ನು ತೊಡೆಯ ಮೇಲೆ ಎಳೆದುಕೊಂಡಳು.

ಅದು ಯಾರೋ ಗಿರಾಕಿಯ ಕಂದು ಉಣ್ಣೆಯ ಕೋಟು. ಮೊಣಕೈ ಹತ್ತಿರ ನುಸಿ ತಿಂದು ಬಟಾಣಿಯಷ್ಟು ತೂತು. ಒಳ್ಳೆ ರಫೂಗೆ ಅಂಗಡಿಯ ದಾರ ಆಗುವುದಿಲ್ಲ, ಬಣ್ಣ ಹೊಂದಿದರೂ ಹೊಳಪು ಹೊಂದುವುದಿಲ್ಲ. ಅದಕ್ಕೆ ಆ ಬಟ್ಟೆಯದ್ದೇ ಒಳಮಡಿಕೆ ಬಿಚ್ಚಿ, ಕಣ್ಣಿಗೆ ಬೀಳದ ಜಾಗದಿಂದ ಎಳೆ ತೆಗೆದು, ಆ ಎಳೆಯಿಂದಲೇ ತೂತು ತುಂಬಬೇಕು. ಈ ಸಂಗತಿಯನ್ನು ಅವಳು ಗಂಡನಿಗೆ ಊಟದ ಹೊತ್ತಿನಲ್ಲಿ ಎಷ್ಟು ಸಲ ಹೇಳಿದ್ದಳೆಂದರೆ ಅವನು 'ಗೊತ್ತು ಮಾರಾಯ್ತಿ, ಒಳಮಡಿಕೆ' ಎಂದು ಕೈ ಮುಗಿಯುತ್ತಿದ್ದ.

ಮಧ್ಯಾಹ್ನಕ್ಕೆ ತೂತು ಮುಚ್ಚಿತು. ಕೋಟು ಮಡಿಸುವಾಗ ತೋಳಿನ ಉದ್ದಕ್ಕೂ ಒಂದು ತೆಳು ಗೆರೆ ಕಂಡಿತು. ಬೆಳಕಿಗೆ ಹಿಡಿದರೆ, ಒಂದು ಎಳೆ ಇರಬೇಕಾದ ಕಡೆ ಎರಡು ಎಳೆ ಜೊತೆಯಾಗಿ ಭುಜದಿಂದ ಮುಂಗೈವರೆಗೆ ಓಡಿವೆ. ನೇಯುವಾಗಲೇ ಸೇರಿಕೊಂಡದ್ದು. ಬೇರೆ ದಿನವಾಗಿದ್ದರೆ ಅವಳು ಅದರ ಗೊಡವೆಗೇ ಹೋಗುತ್ತಿರಲಿಲ್ಲ. ಆವತ್ತು ಕಿವಿಯಲ್ಲಿ ಡಾಕ್ಟರಮ್ಮನ 'ಒಂದು ಜಾಸ್ತಿ' ಗುಂಯ್‌ಗುಡುತ್ತಿತ್ತು. ಸೂಜಿಯ ಮೊನೆಯಿಂದ ಹೆಚ್ಚಿನ ಎಳೆಯನ್ನು ಎಬ್ಬಿಸಿ, ಬೆರಳಿಗೆ ಸುತ್ತಿಕೊಂಡು, ಎಳೆದಳು. ಹಲ್ಲು ಕಚ್ಚಿ, ಕಡೆಯ ತನಕ ಎಳೆದಳು.

ಎಳೆ ಬಂತು. ಬಟ್ಟೆ ಕೆಟ್ಟಿತು. ಭುಜದಿಂದ ಮುಂಗೈವರೆಗೆ ಬಾಯಿ ಬಿಟ್ಟ ಗೆರೆ, ಅದರ ಎರಡೂ ಕಡೆ ಸುಕ್ಕು. ತಿದ್ದಿದಷ್ಟೂ ಸುಕ್ಕು ಹೆಚ್ಚಾಯಿತು.

ಅಂಗಡಿಯ ಯಜಮಾನರು ಮುದುಕರು, ಒಂದರ ಮೇಲೊಂದು ಎರಡು ಕನ್ನಡಕ ಹಾಕುವವರು. ಬೀದಿಯವರೆಲ್ಲ ಜೋಡಿ ಕನ್ನಡಕ ಎಂದೇ ಕರೆಯುವುದು. ಕೋಟನ್ನು ಮೂಗಿನ ಹತ್ತಿರ ತಂದುಕೊಂಡರು.

"ಇದೇನಮ್ಮ ಮಾಡ್ದೆ?"

"ಒಂದೆಳೆ ಜಾಸ್ತಿ ಇತ್ತು. ತೆಗೆದೆ."

"ತೆಗಿ ಅಂತ ನಿಂಗ್ಯಾರು ಹೇಳಿದ್ರು? ಗಿರಾಕಿ ಕೇಳಿದ್ರಾ, ನಾನು ಹೇಳಿದ್ನಾ?" ಅವರಿಗೆ ಸಿಟ್ಟು ನೆತ್ತಿಗೇರಿತ್ತು. "ಇಷ್ಟು ವರ್ಷ ಕೆಲಸ ಮಾಡಿ ಇಷ್ಟೂ ತಿಳಿಯಲ್ವಾ? ತೂತು ಅಂದ್ರೆ ಇಲ್ಲದ್ದು. ಇಲ್ಲದ್ದನ್ನ ತುಂಬಬಹುದು, ಅದು ನಮ್ಮ ಕೆಲಸ. ಇದು ಇದ್ದದ್ದು ಕಣಮ್ಮ! ಅಕ್ಕಪಕ್ಕದ ಎಳೆಯೆಲ್ಲ ಇದಕ್ಕೆ ಜಾಗ ಮಾಡ್ಕೊಟ್ಟು ಕೂತಿದ್ವು. ಇದ್ದದ್ದನ್ನ ಕಿತ್ರೆ ಬಟ್ಟೆ ಉಳಿಯುತ್ತಾ?"

ಅವರಿಗೆ ಆಸ್ಪತ್ರೆಯ ಸುದ್ದಿ ಗೊತ್ತಿರಲಿಲ್ಲ. ಬೈದದ್ದು ಬರೀ ಕೋಟಿನ ವಿಷಯಕ್ಕೆ. ಅವಳು ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದಾಗ ಮುದುಕರು ಕೋಟನ್ನು ಬದಿಗಿಟ್ಟು ಎದ್ದರು. ಬಸುರಿ ಹೆಂಗಸನ್ನು ಅಳಿಸಿದೆನಲ್ಲ ಎಂದು ಒದ್ದಾಡಿ, ನೀರು ತಂದುಕೊಟ್ಟು, ಮತ್ತೆ ಮೆತ್ತಗೆ ಹೇಳಿದರು.

"ಗಿರಾಕಿ ಹತ್ರ ನಾನು ಮಾತಾಡ್ಕೋತೀನಿ. ನೀನು ಆ ಎಳೆನ ಎಸೀಬೇಡ. ಎಲ್ಲಿತ್ತೋ ಅಲ್ಲೇ ವಾಪಸ್ ಇಡು. ನಿಧಾನ ಆಗ್ಲಿ, ಇಡು."

ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ ಗಂಡ ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದ.

"ನಾನು ರಾಕ್ಷಸ ಅಲ್ಲ ಕಣೇ," ಎಂದ. "ನಂಗೂ ಮಗು ಬೇಕು. ಆದ್ರೆ ನಮ್ಮಿಬ್ಬರ ವಯಸ್ಸು ನೋಡು. ನಾವು ಹೋದ ಮೇಲೆ ಅದನ್ನ ಯಾರು ನೋಡ್ಕೋತಾರೆ? ಊಟ ಆಯ್ತಾ ಅಂತ ಯಾರು ಕೇಳ್ತಾರೆ? ತಲೆ ಯಾರು ಬಾಚ್ತಾರೆ? ದಿನಾ ನನ್ನ ಬಸ್ಸಿಗೆ ಅಂಥ ಒಬ್ಬ ಹುಡುಗ ಹತ್ತುತಾನೆ, ಅವರಪ್ಪನ ಕೈ ಹಿಡ್ಕೊಂಡು. ಆ ಅಪ್ಪಂಗೆ ಎಪ್ಪತ್ತಾಗಿದೆ. ಪ್ರತಿ ಸಲ ಕನ್ನಡೀಲಿ ಆ ಮುದುಕನ ಮುಖ ನೋಡ್ತೀನಿ. ಈ ಒಂದು ಪ್ರಶ್ನೆಗೆ ಉತ್ತರ ಹೇಳು, ನಾನು ಬಾಯಿ ಮುಚ್ಕೋತೀನಿ."

ಗೋಡೆಯಾಚೆ ಪಾತ್ರೆ ತೊಳೆಯುತ್ತಿದ್ದ ಅತ್ತೆಯ ಕೈ ನಿಂತಿತು. ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಬಂದರು.

"ಯಾಕೆ ಸಾವಿನ ಮಾತು? ಅಂಥದ್ದೇನೂ ಆಗಲ್ಲ. ಭಾನುವಾರ ಮಂದಿರದ ಹಿರಿಯರು ಮನೆಗೇ ಬರ್ತಾರೆ, ನಾನು ಹೇಳಿ ಬಂದಿದೀನಿ. ಇವತ್ತಿಂದ ನಾನು ಒಂದೇ ಹೊತ್ತು ಊಟ. ಸೋಮವಾರ ಇನ್ನೊಂದು ಸಲ ಆ ಸ್ಕ್ಯಾನು ಮಾಡಿಸಿ, ಏನೂ ಇರಲ್ಲ. ತೊಳೆದಿಟ್ಟ ಹಾಗಿರುತ್ತೆ."

"ಇದ್ರೆ?" ಎಂದ ಮಗ.

"ಇರಲ್ಲ ಅಂದ್ನಲ್ಲ."

"ಇದ್ರೆ ಏನಮ್ಮಾ ಮಾಡ್ತೀಯಾ? ಅದನ್ನ ಹೇಳು."

ಅತ್ತೆ ಒರೆಸಿದ ಕೈಯನ್ನೇ ಸೆರಗಿಗೆ ಇನ್ನೊಂದು ಸಲ ಒರೆಸಿಕೊಂಡರು. "ಇದ್ರೆ ನೀವುಂಟು, ನಿಮ್ಮ ಡಾಕ್ಟ್ರುಂಟು. ನನ್ನ ಕೇಳ್ಬೇಡಿ," ಎಂದು ಅಡುಗೆಮನೆಗೆ ವಾಪಸಾದರು.

ಅಲ್ಲ, ನೀವೇ ಹೇಳಿ. ಆ ಮನೆಯಲ್ಲಿ ಮೂರು ಜನ. ಒಬ್ಬನಿಗೆ ಭಯ, ಒಬ್ಬರಿಗೆ ಪವಾಡದ ಹಂಬಲ. ಹೊಟ್ಟೆಯೊಳಗೆ ಇರುವ ಈ ಮಗು ಯಾರಿಗೆ ಬೇಕಿತ್ತು? ಅವಳಿಗಾದರೂ ಬೇಕಿತ್ತೇ? ಸುಳ್ಳು ಯಾಕೆ ಹೇಳಬೇಕು, ಆವತ್ತು ಅವಳಿಗೂ ಬೇಕಿರಲಿಲ್ಲ. ಹನ್ನೊಂದು ವರ್ಷ ಅವಳು ಕಲ್ಪಿಸಿಕೊಂಡಿದ್ದು ಬೇರೆಯದೇ ಒಂದು ಮಗು. ಅದಕ್ಕೆ ಅವಳು ಮೂಗು, ಗುಂಗುರು ಕೂದಲು, ಶಾಲೆಯ ಚೀಲ ಎಲ್ಲ ಕೊಟ್ಟಿದ್ದಳು. ಸೋಮವಾರ ಆಸ್ಪತ್ರೆಗೆ ಹೋಗಿ ಬೇಡ ಎಂದು ಬಂದುಬಿಡೋಣ ಎಂದು ಅವಳೂ ಮನಸ್ಸಿನಲ್ಲೇ ಎರಡು ಮೂರು ಸಲ ಹೇಳಿ ನೋಡಿಕೊಂಡಳು.

ಗುರುವಾರದಿಂದ ಎಳೆ ವಾಪಸ್ ಇಡುವ ಕೆಲಸ. ಕೀಳುವುದೇನು, ಒಂದು ಉಸಿರಿನ ಮಾತು. ಇಡುವುದೇ ಪ್ರಾಣಸಂಕಟ. ಒಂದು ಎಳೆಯ ಮೇಲೆ, ಒಂದರ ಕೆಳಗೆ, ಮತ್ತೊಂದರ ಮೇಲೆ, ಹೀಗೆ ತೋಳಿನ ಉದ್ದಕ್ಕೂ. ಬೆರಳಿನ ಉದ್ದ ಮುಗಿಯುವಷ್ಟರಲ್ಲಿ ಕಣ್ಣು ಮಂಜಾಗುತ್ತಿತ್ತು. ಎಲ್ಲಾದರೂ ತಪ್ಪಿದರೆ ಮತ್ತೆ ಬಿಚ್ಚಬೇಕು. ಆದರೆ ಎಳೆ ಹೋಗಿ ಕೂತಲ್ಲೆಲ್ಲ ಸುಕ್ಕು ತಾನಾಗಿಯೇ ಬಿಡುತ್ತಿತ್ತು, ಇಸ್ತ್ರಿ ಬೇಕಾಗಲಿಲ್ಲ. ಅಕ್ಕಪಕ್ಕದ ಎಳೆಗಳು ಇದನ್ನು ಗುರುತು ಹಿಡಿದು ಸರಿದು ಕೂರುತ್ತಿದ್ದವು.

ಶುಕ್ರವಾರ ಮಧ್ಯಾಹ್ನ ಕೋಟಿನ ಮೊಣಕೈ ಹತ್ತಿರ ಬಂದಿದ್ದಳು, ಅಲ್ಲಿ ಕೆಲಸ ಸೂಕ್ಷ್ಮ. ಹೊಟ್ಟೆಯೊಳಗೆ ಮಗು ಮಿಸುಕಿ, ಸೂಜಿ ಜಾರಿತು.

"ಸುಮ್ನಿರಲ್ವಾ ಸ್ವಲ್ಪ? ಎಳೆ ತಪ್ಪುತ್ತೆ!" ಎಂದು ಗದರಿದಳು.

ಗದರಿ ಆದ ಮೇಲೆ ಅವಳಿಗೆ ಗಾಬರಿಯಾಯಿತು. ಇಷ್ಟು ತಿಂಗಳಲ್ಲಿ ಆ ಗುಂಗುರು ಕೂದಲಿನ ಮಗುವಿನ ಜೊತೆ ಅವಳು ಎಷ್ಟೋ ಮಾತಾಡಿದ್ದಳು, ಮುದ್ದುಮಾತು, ಲಾಲಿಮಾತು. ಈಗ ಬೈದದ್ದು ಅದಕ್ಕಲ್ಲ, ಇದಕ್ಕೆ. ಇಲ್ಲದವರನ್ನು ಯಾರಾದರೂ ಬೈಯುತ್ತಾರೆಯೇ? ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟು ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಳು. ಜೋಡಿ ಕನ್ನಡಕದವರು ನೋಡಿದರೂ ನೋಡದವರ ಹಾಗೆ ಇದ್ದರು. ಶನಿವಾರ ಸಂಜೆ ಕೋಟನ್ನು ಬೆಳಕಿಗೆ ಹಿಡಿದು, ಎರಡು ಕನ್ನಡಕದಿಂದ ಪರೀಕ್ಷೆ ಮಾಡಿ, "ಹಾಂ, ಈಗ ಕೋಟು ಕೋಟಿನ ಹಾಗಿದೆ," ಎಂದು ಮಡಿಸಿಟ್ಟರು.

ಭಾನುವಾರ ಹಿರಿಯರು ಬಂದರು. ಕೆಟ್ಟ ಮನುಷ್ಯರೇನಲ್ಲ ಅವರು, ಮೆಲುದನಿಯವರು, ಯಾರ ಮನೆಯಲ್ಲಿ ಕಷ್ಟ ಎಂದರೂ ಬಿಸಿಲೆನ್ನದೆ ನಡೆದು ಹೋಗುವವರು. ಅವಳನ್ನು ಕುರ್ಚಿಯಲ್ಲಿ ಕೂರಿಸಿದರು. ಒಂದೇ ಹೊತ್ತಿನ ಊಟದಲ್ಲಿ ಸೊರಗಿದ ಅತ್ತೆ ಪಕ್ಕದಲ್ಲಿ ಕಣ್ಣು ಮುಚ್ಚಿ ನಿಂತರು. ಗಂಡ ಡ್ಯೂಟಿಗೆ ಹೊರಟವನು ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಬಾಗಿಲಲ್ಲೇ ನಿಂತ.

"ದೇವರೇ," ಎಂದು ಹಿರಿಯರು ಶುರುಮಾಡಿದರು, "ಈ ಗರ್ಭದಲ್ಲಿ ಹೆಚ್ಚಾಗಿ ಬಂದು ಸೇರಿಕೊಂಡಿದ್ದನ್ನ ಕಿತ್ತು ಹಾಕು. ಬೇರು ಸಮೇತ ಕಿತ್ತು..."

"ನಿಲ್ಸಿ."

ಹಿರಿಯರು ಕಣ್ಣು ಬಿಟ್ಟರು. ಅವಳು ಕುರ್ಚಿಯಿಂದ ಎದ್ದು ನಿಂತಿದ್ದಳು.

"ಕಿತ್ತು ಹಾಕು ಅಂತ ಕೇಳ್ಬೇಡಿ. ಹೃದಯದ ತೂತಿಗೆ ಕೇಳಿ, ಎಷ್ಟು ಬೇಕಾದ್ರೂ ಕೇಳಿ, ನಾನೂ ಕೇಳ್ತೀನಿ. ಅದು ಇಲ್ಲದ್ದು, ತುಂಬ್ಲಿ. ಇನ್ನೊಂದು ಈ ಮಗುವಲ್ಲಿ ಇದ್ದದ್ದು. ಮೈಯೆಲ್ಲ ಹಾಸುಹೊಕ್ಕಾಗಿದೆ. ಅದನ್ನ ಕಿತ್ರೆ ಮಗುನೇ ಉಳಿಯಲ್ಲ. ಅದನ್ನ ತೆಗಿ ಅನ್ನೋದೂ ಒಂದೇ, ಈ ಮಗು ಬೇಡ, ಬೇರೆ ಕೊಡು ಅನ್ನೋದೂ ಒಂದೇ. ನೀವು ಕೇಳ್ತಿರೋ ಮಗು ನನ್ನ ಹೊಟ್ಟೇಲಿಲ್ಲ."

ಅತ್ತೆಯ ಮುಖ ಕೆಂಪೇರಿತು. "ಏನೇ ಹುಡುಗಿ, ದೇವರ ಕೈಗೇ ಅಡ್ಡ ಬರ್ತೀಯಾ? ಹನ್ನೊಂದು ವರ್ಷ ನಾನು ಮೊಣಕಾಲು ಸವೆಸಿದ್ದು ಇದಕ್ಕಾ? ಇನ್ನು ಮಂದಿರದಲ್ಲಿ ಯಾವ ಮುಖ ಇಟ್ಕೊಂಡು ಕೂರಲಿ?"

"ಕಡೇ ವರ್ಷ ನೀವು ಏನು ಕೇಳಿದ್ರಿ ಅತ್ತೆ? ಏನಾದ್ರೂ ಕೊಡಪ್ಪ ಅಂದ್ರಿ. ನಾನು ಹಿಂದಿನ ಸಾಲಲ್ಲಿ ಕೂತು ಕಿವಿಯಾರೆ ಕೇಳಿದೀನಿ. ಕೊಟ್ಟಿದಾನೆ."

ಅತ್ತೆಯ ಬಾಯಿ ಕಟ್ಟಿತು. ಮೂವತ್ತು ವರ್ಷದಿಂದ ತರಕಾರಿಯವರಿಗೆ ಸಾಧ್ಯವಾಗದ್ದು ಅದು. ಸೆರಗು ಕೊಡವಿ ಅಡುಗೆಮನೆಗೆ ಹೋದರು, ಅಲ್ಲಿ ಒಂದು ಪಾತ್ರೆ ಬಿದ್ದ ಸದ್ದಾಯಿತು. ಹಿರಿಯರು ಮತ್ತೆ ಕಣ್ಣು ಮುಚ್ಚಿ, ತೂತಿನ ಬಗ್ಗೆ ಮಾತ್ರ ನಾಲ್ಕು ಮಾತು ಬೇಡಿಕೊಂಡು, ನೀರು ಕುಡಿದು ಹೊರಟರು.

ಬಾಗಿಲಲ್ಲಿ ಗಂಡ ಇನ್ನೂ ನಿಂತಿದ್ದ. ಗುಂಡಿ ಒಂದು ತಪ್ಪು ಕಾಜಕ್ಕೆ ಹೋಗಿತ್ತು. ಅವಳು ಹತ್ತಿರ ಹೋಗಿ ಬಿಚ್ಚಿ ಸರಿಯಾಗಿ ಹಾಕಿದಳು.

"ನನ್ನ ಪ್ರಶ್ನೆ ಹಾಗೇ ಇದೆ," ಎಂದ ಅವನು.

"ಗೊತ್ತು ರೀ."

"ನಿನ್ನ ದೇವರು ಏನಂತಾನೆ?"

"ಕೇಳಿದೀನಿ. ಇನ್ನೂ ಏನೂ ಅಂದಿಲ್ಲ." ಅವಳು ಅವನ ಕಣ್ಣು ತಪ್ಪಿಸಲಿಲ್ಲ. "ನಾಳೆ ನಾನು ಮುಂದುವರಿಸ್ತೀನಿ ಅಂತ ಹೇಳ್ತೀನಿ. ನೀವು ಏನು ಹೇಳ್ತೀರೋ ನನಗೆ ಗೊತ್ತಿಲ್ಲ."

ಅವನು ಮೆಟ್ಟಿಲಿಳಿದು ಹೋದ. ನೀವೊಪ್ಪದಿದ್ದರೆ ಒಬ್ಬಳೇ ಸಾಕುತ್ತೇನೆ ಎಂದು ಕೂಗಿ ಹೇಳುವ ಧೈರ್ಯ ಅವಳಿಗೆ ಬರಲಿಲ್ಲ. ಹಾಗೆ ಹೇಳುವುದು ಅವಳಿಗೆ ಬೇಕಾಗಿಯೂ ಇರಲಿಲ್ಲ. ಅವನು ಇಲ್ಲದ ಮನೆ ಅವಳ ಕಲ್ಪನೆಗೇ ಬರುತ್ತಿರಲಿಲ್ಲ.

ಸೋಮವಾರ ಹೊರಟಾಗ ಅತ್ತೆಯೂ ಚಪ್ಪಲಿ ಮೆಟ್ಟಿಕೊಂಡರು. ಯಾರೂ ಕರೆದಿರಲಿಲ್ಲ. ಹಿಂದಿನ ದಿನದಿಂದ ಸೊಸೆಯ ಜೊತೆ ಮಾತಿಲ್ಲ. ಬಸ್ಸಿನಲ್ಲೂ ಬೇರೆ ಸೀಟಿನಲ್ಲಿ ಕೂತರು, ಆಸ್ಪತ್ರೆಯಲ್ಲಿ ಡಾಕ್ಟರಮ್ಮನ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿದರು. ಮತ್ತೆ ಶುರುವಾಯಿತು ಇವರ 'ಕಿತ್ತು ಹಾಕು' ಎಂದುಕೊಂಡು ಅವಳು ಬಿರುಸಾಗಿ ಒಳಗೆ ನಡೆದಳು.

"ಏನು ತೀರ್ಮಾನ ಮಾಡಿದ್ರಿ?" ಡಾಕ್ಟರಮ್ಮ ಕೇಳಿದರು.

"ಮುಂದುವರಿಸ್ತೀನಿ," ಎಂದಳು ಅವಳು.

"ನೀವು?"

ಗಂಡ ಮೇಜಿನ ಮೇಲಿದ್ದ ಪ್ಲಾಸ್ಟಿಕ್ಕಿನ ಹೃದಯದ ಮಾದರಿಯನ್ನೇ ನೋಡುತ್ತಿದ್ದ. ಹೊರಗೆ ಯಾರದೋ ಹೆಸರು ಕೂಗಿದರು. ಅವಳು ಸೀರೆಯ ಅಂಚನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. ಅವನು ಬೇಡ ಎಂದುಬಿಟ್ಟರೆ ಏನು ಮಾಡುವುದು? ಅವನು ಆ ಮಾದರಿಯನ್ನು ಕೈಗೆತ್ತಿಕೊಂಡ.

"ಆ ತೂತು ಮುಚ್ತೀರಲ್ಲ ಮೇಡಂ, ಅದಕ್ಕೆ ಹಾಕೋ ತೇಪೆ ಎಲ್ಲಿಂದ ತರ್ತೀರಿ?"

ಡಾಕ್ಟರಮ್ಮನಿಗೆ ಈ ಪ್ರಶ್ನೆ ಹೊಸದು. "ಒಂದೊಂದ್ಸಲ ಒಂದೊಂದು ಥರ. ಸಾಮಾನ್ಯವಾಗಿ ಹೃದಯದ ಸುತ್ತ ಒಂದು ತೆಳು ಪೊರೆ ಇರುತ್ತೆ, ಮಗುದೇ ಪೊರೆ. ಅದರಲ್ಲೇ ಒಂದು ಚೂರು ಕತ್ತರಿಸಿ ಅಲ್ಲಿಗೆ ಹೊಲೀತಾರೆ."

ಗಂಡ ಹೆಂಡತಿಯ ಕಡೆ ತಿರುಗಿದ. ಮಂಗಳವಾರದಿಂದ ಮೊದಲ ಸಲ ಅವನ ಮುಖದಲ್ಲಿ ರಕ್ತ ಕಾಣಿಸಿತು. "ಒಳಮಡಿಕೆ ಕಣೇ," ಎಂದ. ಅವಳಿಗೆ ನಗು ಬಂತೋ ಅಳು ಬಂತೋ, ಎರಡೂ ಒಟ್ಟಿಗೆ ಬಂದು ಮೂಗಿನಲ್ಲಿ ನೀರು ಸುರಿಯಿತು. ಡಾಕ್ಟರಮ್ಮ ಏನೂ ಅರ್ಥವಾಗದೆ ಟಿಶ್ಯೂ ಡಬ್ಬಿ ಮುಂದಕ್ಕೆ ತಳ್ಳಿದರು.

"ಮುಂದುವರಿಸ್ತೀವಿ ಮೇಡಂ," ಎಂದ ಅವನು.

ಹೊರಗೆ ಬಂದಾಗ ಅವನ ನಡಿಗೆ ಮತ್ತೆ ಭಾರವಾಯಿತು. "ಒಪ್ಕೊಂಡೆ ಅಂತ ನನ್ನ ಭಯ ಹೋಯ್ತು ಅನ್ಕೋಬೇಡ. ನಾವು ಹೋದ ಮೇಲೆ ಏನು ಅನ್ನೋದು ಇದ್ದೇ ಇದೆ," ಎಂದ.

"ನಂಗೂ ಇದೆ ರೀ," ಎಂದಳು ಅವಳು.

ಅತ್ತೆ ಬೆಂಚಿನ ಮೇಲೆ ಹಾಗೇ ಕೂತಿದ್ದರು. ಕಣ್ಣು ಮುಚ್ಚಿತ್ತು, ತುಟಿ ಆಡುತ್ತಿತ್ತು, ಹುಬ್ಬು ಗಂಟಿಕ್ಕಿತ್ತು. ಬೆಲೆ ಇಳಿಸುವಾಗಿನ ಮುಖ ಅದು, ಅವಳಿಗೆ ಚೆನ್ನಾಗಿ ಗೊತ್ತು. ಅವಳು ಎದುರಿಗೆ ನಿಂತು ಗಟ್ಟಿಯಾಗಿಯೇ ಕೇಳಿದಳು.

"ಮುಂದುವರಿಸ್ತೀವಿ ಅಂತ ಹೇಳಿ ಬಂದ್ವಿ ಅತ್ತೆ. ಇನ್ನೂ ಏನು ಕೇಳ್ತಿದೀರಿ?"

"ಆಯಸ್ಸು," ಎಂದರು ಅತ್ತೆ, ಕಣ್ಣು ಬಿಡದೆ.

"ಮಗುಗಾ?"

"ಅದಕ್ಕೆ ಡಾಕ್ಟ್ರಿದ್ದಾರೆ. ನಂಗೆ." ಈಗ ಕಣ್ಣು ಬಿಟ್ಟರು, ಕಣ್ಣಿನ ತುಂಬ ನೀರಿತ್ತು. "ನೀವಿಬ್ರೂ ಬೆಳಗಾದ್ರೆ ಕೆಲಸಕ್ಕೆ ಓಡೋರು. ಮೊನ್ನೆ ಇವನು ಕೇಳಿದ್ನಲ್ಲ, ತಲೆ ಯಾರು ಬಾಚ್ತಾರೆ ಅಂತ. ಗೋಡೆ ಆಚೆ ನಂಗೆ ಕಿವಿ ಇರ್ಲಿಲ್ವಾ?"

"ಅಮ್ಮಾ, ನಿಂಗಾಗಲೇ ಎಪ್ಪತ್ತು," ಎಂದ ಮಗ.

"ಅದಕ್ಕೇ ಇನ್ನೂ ಐವತ್ತು ಕೇಳಿದೀನಿ. ಆ ದೇವರೇನು ಕಮ್ಮಿಯವನಲ್ಲ, ಹಿಂದೆಮುಂದೆ ನೋಡ್ತಾನೆ, ಕಡೆಗೆ ಇಪ್ಪತ್ತಕ್ಕೆ ಬರ್ತಾನೆ. ಸಾಕು. ಅಷ್ಟರೊಳಗೆ ತನ್ನ ತಲೆ ತಾನೇ ಬಾಚ್ಕೊಳ್ಳೋದು ಅದಕ್ಕೆ ಕಲಿಸಿಬಿಡ್ತೀನಿ. ನಿಧಾನ ಅಂದ್ರಲ್ಲ, ನಿಧಾನಕ್ಕೇ ಕಲಿಸ್ತೀನಿ. ಈಗ ಸುಮ್ನೆ ಕೂತ್ಕೊಳ್ಳಿ, ಇನ್ನೂ ಮಾತು ಮುಗಿದಿಲ್ಲ."

ಹೇಳಿ ಮತ್ತೆ ಕಣ್ಣು ಮುಚ್ಚಿದರು. ಮಗ ಅವರ ಎಡಕ್ಕೆ ಕೂತ, ಸೊಸೆ ಬಲಕ್ಕೆ ಕೂತಳು.